ಎರಡು ಗೇಣಿನ ಮಡಿಕೆ

ನಮ್ಮೂರಲ್ಲಿ ಎಲ್ಲರಿಗೂ ಎರಡೆರಡು ವಯಸ್ಸು. ಒಂದು ಹುಟ್ಟಿದ ವಯಸ್ಸು, ಇನ್ನೊಂದು ಬಂದ ವಯಸ್ಸು. ಹೊಸದಾಗಿ ಪರಿಚಯವಾದವರು ಊಟವಾಯಿತೇ ಎಂದು ವಿಚಾರಿಸಿದ ಮೇಲೆ ಕೇಳುವುದೇ ಅದನ್ನು: “ಹುಟ್ಟಿದ್ದೆಷ್ಟು, ಬಂದದ್ದೆಷ್ಟು?” ರೇಷನ್ ಕಾರ್ಡಿನಲ್ಲಿ ಎರಡಕ್ಕೂ ಬೇರೆ ಬೇರೆ ಕಲಂ ಇದೆ. ಭಾರ ಹೊತ್ತವರಿಗೆ ವಯಸ್ಸು ಬರುತ್ತದೆ, ಹೊರದವರಿಗೆ ಬರುವುದಿಲ್ಲ, ಅಷ್ಟೆ. ಟಾಕೀಸಿನ ಮಾಲೀಕರ ಮಗ ಚೆಲುವಯ್ಯನಿಗೆ ಹುಟ್ಟಿದ್ದು ಅರವತ್ತೆರಡು, ಬಂದದ್ದು ಹತ್ತೊಂಬತ್ತು. ಅಪ್ಪ ಇದ್ದಾಗ ಅಪ್ಪ, ಅಪ್ಪ ಹೋದ ಮೇಲೆ ತಮ್ಮಂದಿರು, ಯಾರೋ ಒಬ್ಬರು ಅವನ ಪಾಲಿನದನ್ನೂ ಹೊತ್ತುಕೊಂಡೇ ಬಂದರು. ತಲೆಯಲ್ಲಿ ಒಂದು ಬಿಳಿ ಕೂದಲಿಲ್ಲ. ಟಾಕೀಸಿನ ಬಾಗಿಲಲ್ಲಿ ನಿಂತು ಟಿಕೆಟ್ಟು ಹರಿಯುವುದನ್ನು ಅವನು ಕೆಲಸ ಎಂದುಕೊಂಡಿದ್ದ. ಅವನ ವಯಸ್ಸು ಹಾಗೆ ಅಂದುಕೊಂಡಿರಲಿಲ್ಲ.

ಇದಕ್ಕೆ ತಿರುಗುಮುರುಗಾದವರೇ ಊರಲ್ಲಿ ಹೆಚ್ಚು. ನಮ್ಮ ಶಾಲೆಯಲ್ಲಿ ಕಡೆಯ ಬೆಂಚು ಬೇರೆಯವಕ್ಕಿಂತ ಒಂದು ಮೊಳ ಎತ್ತರ. ಒಂದೇ ರಾತ್ರಿಗೆ ಇಪ್ಪತ್ತೈದೋ ಮೂವತ್ತೋ ಬಂದುಬಿಟ್ಟ ಮಕ್ಕಳು ಅಲ್ಲಿ ಕೂರುತ್ತಿದ್ದರು. ಮೇಷ್ಟ್ರು ಅವರನ್ನು “ಬನ್ನಿ, ಕೂತ್ಕೊಳ್ಳಿ” ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದರು. ಮಗ್ಗಿ ತಪ್ಪಿದಾಗ ಬೈಯುವುದು ಮಾತ್ರ ಏಕವಚನದಲ್ಲಿ. ಆ ಬೆಂಚಿನಲ್ಲಿ ಯಾರೂ ಬಹಳ ದಿನ ಕೂರುತ್ತಿರಲಿಲ್ಲ. ಮನೆಯಲ್ಲಿ ಕೆಲಸ ಕಾದಿರುವಾಗ ಹದಿನಾರರ ಮಗ್ಗಿ ಯಾರಿಗೆ ಬೇಕು?

ನನ್ನ ಅವ್ವ ಹೊಲಿಗೆ ನಿಂಗಮ್ಮ. ಅಪ್ಪ ನನಗೆ ನೆನಪಿಲ್ಲದಷ್ಟು ಹಿಂದೆಯೇ ತೀರಿಕೊಂಡಿದ್ದ. ಟಾಕೀಸಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ, ಪಡಸಾಲೆಯಲ್ಲಿ ಅವ್ವನ ಮಿಷಿನ್ನು. ಬೇರೆ ಊರುಗಳಲ್ಲಿ ಮಕ್ಕಳ ಲಂಗಕ್ಕೆ ಎರಡು ಬೆರಳು ಬಟ್ಟೆ ಒಳಗೆ ಮಡಿಸಿ ಹೊಲಿಯುತ್ತಾರಂತೆ. ನಮ್ಮೂರಿಗೆ ಅದು ಎಲ್ಲಿ ಸಾಲಬೇಕು? ಯಾವ ಮಗುವಿಗೆ ಎಷ್ಟು ಮಡಿಸಬೇಕೆಂದು ಅವ್ವನೇ ನಿರ್ಧರಿಸುತ್ತಿದ್ದಳು. ಬಟ್ಟೆ ತಂದ ತಾಯಿಯ ಮುಖ ನೋಡುವಳು, ಅಪ್ಪ ಕುಡಿಯುತ್ತಾನೋ ಕೆಮ್ಮುತ್ತಾನೋ ಎಂದು ಮಾತಿನ ನಡುವೆ ವಿಚಾರಿಸುವಳು, ಮಕ್ಕಳಲ್ಲಿ ಯಾರು ನೀರಿನ ಕೊಡ ಕೇಳದೆಯೇ ಎತ್ತುತ್ತಾರೆಂದು ಓರೆಗಣ್ಣಿನಲ್ಲಿ ಗಮನಿಸುವಳು. ಆಮೇಲೆ ಕತ್ತರಿ ಹಾಕುವಳು. ಬಟ್ಟೆ ಒಯ್ಯಲು ಬಂದ ತಾಯಂದಿರು ಮೊದಲು ಅಂಚು ತಿರುವಿ ನೋಡುತ್ತಿದ್ದರು. “ಈ ಮಗೀಗೆ ಯಾಕಕ್ಕ ಇಷ್ಟೊಂದು ಮಡಿಸಿದ್ದೀಯ?” ಎಂದು ಯಾರಾದರೂ ಕೇಳಿದರೆ, “ಬಟ್ಟೆ ಮಿಕ್ಕಿತ್ತು ಕಣವ್ವ” ಎಂದು ತಲೆ ಎತ್ತದೆ ಹೇಳುವಳು. ಅವ್ವನ ಅಂದಾಜು ತಪ್ಪಿದ್ದನ್ನು ಊರು ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ನಾವಿಬ್ಬರು ಹೆಣ್ಣುಮಕ್ಕಳು. ನಾನು ಹೊನ್ನಿ, ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು ಕೆಂಪಿ. ನನ್ನ ನೀಲಿ ಲಂಗಕ್ಕೆ ಅವ್ವ ಎರಡು ಗೇಣು ಮಡಿಸಿದ್ದಳು, ರವಿಕೆಯ ಪಕ್ಕಕ್ಕೂ ಕೈತುಂಬ ಬಟ್ಟೆ ಬಿಟ್ಟಿದ್ದಳು. ಹಿರಿಯವಳಲ್ಲವೇ, ಬಂದರೆ ನನಗೇ ಬರಬೇಕು. ನಡೆದರೆ ಆ ಮಡಿಕೆ ಮೊಣಕಾಲಿಗೆ ಹೊಡೆಯುತ್ತಿತ್ತು, ನನಗೆ ಅದರ ಮೇಲೆ ಎಲ್ಲಿಲ್ಲದ ಸಿಟ್ಟು. ಕೆಂಪಿಯ ಲಂಗಕ್ಕೆ ಒಂದೇ ಬೆರಳಿನ ಮಡಿಕೆ. ಉಳಿದ ಬಟ್ಟೆಯಲ್ಲೆಲ್ಲ ಅವಳಿಗೆ ಜಾಲರಿ ಇಟ್ಟು ಹೊಲಿದಿದ್ದಳು. ಜಾಲರಿ ಕುಣಿಸಿಕೊಂಡು ಕೆಂಪಿ ಓಣಿಯಲ್ಲಿ ಗಿರಗಿರ ತಿರುಗಿ, ಬಿದ್ದು, ನಗುತ್ತಿದ್ದಳು. ಜೋರಾಗಿ ನಕ್ಕರೆ ಅವಳಿಗೆ ಬಿಕ್ಕಳಿಕೆ ಬರುತ್ತಿತ್ತು. ನಗು, ಬಿಕ್ಕಳಿಕೆ, ಅದು ಬಂತೆಂದು ಮತ್ತೆ ನಗು. ಓಣಿಯ ಆ ತುದಿಯಿಂದಲೂ ಇದು ನಮ್ಮ ಕೆಂಪಿ ಎಂದು ಹೇಳಬಹುದಿತ್ತು.

ಇನ್ನು ಸಿನಿಮಾದ ವಿಷಯ. ವರ್ಷಕ್ಕೊಮ್ಮೆ ದೀಪಾವಳಿ ಕಳೆದ ವಾರ ನಮ್ಮ ಟಾಕೀಸಿಗೆ ಪ್ರತಿ ಸಲವೂ ಅದೇ ಒಂದು ಸಿನಿಮಾ ಬರುತ್ತಿತ್ತು. ಅದಕ್ಕೆ ಏನೋ ದೊಡ್ಡ ಹೆಸರಿತ್ತು, ಊರವರ ಬಾಯಲ್ಲಿ ಅದು ಮೀಸೆ ಸಿನಿಮಾ. ಹೈಸ್ಕೂಲಿನ ಮೂವರು ಹುಡುಗರು, ಒಬ್ಬ ಹುಡುಗಿ. ಬೇಸಿಗೆ ರಜೆ ಮುಗಿಯುವುದರೊಳಗೆ ದೊಡ್ಡವರಾಗಿಬಿಡಬೇಕೆಂದು ಅವರ ಹಠ. ಅಪ್ಪನ ಪ್ಯಾಂಟಿಗೆ ಸೆಣಬಿನ ಹಗ್ಗ ಕಟ್ಟಿಕೊಂಡು, ಅಮ್ಮನ ಸೀರೆ ಸುತ್ತಿಕೊಂಡು, ನಾಲ್ವರೂ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು, ಆ ಹುಡುಗಿಯೂ ಸಹ, ಒಂದು ಆಫೀಸಿಗೆ ಕೆಲಸ ಕೇಳಲು ಹೋಗುತ್ತಾರೆ. ಮ್ಯಾನೇಜರ ಕೋಣೆಯಲ್ಲಿ ಫ್ಯಾನು ನಿಂತುಹೋಗುತ್ತದೆ. ಬೆವರಿನಲ್ಲಿ ಮೀಸೆ ಇಳಿಯತೊಡಗುತ್ತದೆ, ಗಲ್ಲಕ್ಕೆ, ಕತ್ತಿಗೆ, ಅಂಗಿಯ ಕಾಲರಿಗೆ. ಮ್ಯಾನೇಜರು ಕನ್ನಡಕ ತೆಗೆದು, “ಮೀಸೆ ಎಲ್ಲಪ್ಪಾ ಹೊರಟಿತು?” ಎಂದು ಕೇಳಿ ನಾಲ್ವರ ಕೈಗೂ ಒಂದೊಂದು ಪೆಪ್ಪರಮೆಂಟು ಇಡುತ್ತಾನೆ.

ಬೇರೆ ಊರುಗಳಲ್ಲಿ ಈ ಜಾಗಕ್ಕೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರಂತೆ. ನಮ್ಮೂರಲ್ಲಿ ನಗುತ್ತಿದ್ದವರು ಮಕ್ಕಳು ಮಾತ್ರ, ಅದೂ ವಯಸ್ಸು ಬಾರದ ಮಕ್ಕಳು. ವಯಸ್ಸು ಬಂದವರು ಆ ಪೆಪ್ಪರಮೆಂಟು ಕಂಡ ಕೂಡಲೇ ಗಪ್ಪಾಗುತ್ತಿದ್ದರು. ಗಂಡಸರು ಟವೆಲಿನಲ್ಲಿ ಬೆವರು ಒರೆಸುವವರ ಹಾಗೆ ಕಣ್ಣು ಒರೆಸುತ್ತಿದ್ದರು, ಹೆಂಗಸರಿಗೆ ಆ ನೆಪವೂ ಬೇಕಾಗಿರಲಿಲ್ಲ. ಆದರೂ ವರ್ಷವರ್ಷವೂ ತಪ್ಪದೆ ಬರುತ್ತಿದ್ದರು. ಹುಣ್ಣಿನ ಮೇಲಿನ ಹಕ್ಕಳೆಯನ್ನು ಕೈ ಬೇಡವೆಂದರೂ ಮುಟ್ಟುತ್ತದಲ್ಲ.

ಬೆಳ್ಳಿ ಪರದೆಯ ಮುಂದೆ ಒಂದು ಸಾಲು ಚಾಪೆ ಹಾಸಿರುತ್ತಿತ್ತು. ಹುಟ್ಟಿದ್ದು ಹದಿನಾರಕ್ಕಿಂತ ಕಡಿಮೆಯಿದ್ದು, ಬಂದದ್ದು ಅದಕ್ಕಿಂತ ಹೆಚ್ಚಾದವರಿಗೆ ಆ ಚಾಪೆ ಪುಕ್ಕಟೆ. ಚೆಲುವಯ್ಯನ ತಾತ ಮಾಡಿಟ್ಟ ಕಟ್ಟಳೆ. ಒಳ್ಳೆಯ ಕಟ್ಟಳೆಯೇ, ಆದರೆ ಆ ಚಾಪೆಯ ಮೇಲೆ ಯಾರೂ ಕೂತದ್ದಿಲ್ಲ. ಅಲ್ಲಿ ಕೂರಬೇಕಾದವರೆಲ್ಲ ಮನೆಯಲ್ಲಿ ಒಲೆ ಊದುತ್ತಲೋ ತೊಟ್ಟಿಲು ತೂಗುತ್ತಲೋ ಇರುತ್ತಿದ್ದರು. ಚೆಲುವಯ್ಯ ಮಾತ್ರ ಪ್ರತಿ ಆಟಕ್ಕೂ ಮೊದಲು ಆ ಚಾಪೆಗಳನ್ನು ಕೊಡವಿ ಹಾಸುತ್ತಿದ್ದ.

ಆ ವರ್ಷ ನನಗೆ ಹುಟ್ಟಿದ್ದೂ ಹದಿಮೂರು, ಬಂದದ್ದೂ ಹದಿಮೂರು. ಮಧ್ಯಾಹ್ನದ ಆಟಕ್ಕೆ ಹೊರಟಾಗ ಕೆಂಪಿ ಲಂಗ ಹಿಡಿದು ಜೋತುಬಿದ್ದಳು. “ಅಕ್ಕ, ನಾನೂ ಬತ್ತೀನಿ ಅಕ್ಕ.” ನನಗೆ ಗೆಳತಿಯರ ಎದುರು ಬಾಲ ಕಟ್ಟಿಕೊಂಡು ಹೋಗಲು ನಾಚಿಕೆ. “ನೀನು ಬಂದ್ರೆ ಅರ್ಧಕ್ಕೇ ಮನೆಗೆ ಹೋಗಣ ಅಂತೀಯ. ಮುಂದಿನ ವರ್ಷ ಕರ್ಕೊಂಡು ಹೋಗ್ತೀನಿ, ಬಿಡು” ಎಂದು ಅವಳ ಬೆರಳು ಬಿಡಿಸಿದೆ. ಅವ್ವ ಮಿಷಿನ್ನು ತುಳಿಯುತ್ತಲೇ, “ದೀಪ ಹಚ್ಚೋ ಹೊತ್ಗೆ ಮನೇಲಿರಬೇಕು, ತಿಳೀತಾ?” ಎಂದಳು. ನಾನು ತಲೆಯಾಡಿಸಿದೆ.

ದೀಪ ಹಚ್ಚುವ ಹೊತ್ತಿಗೆ ನಾನು ಗೆಳತಿಯರ ಜೊತೆ ಟಾಕೀಸಿನ ಬೆಂಚಿನ ಕೆಳಗೆ ಅಡಗಿ ಕೂತಿದ್ದೆ. ಸಂಜೆಯ ಆಟವನ್ನೂ ನೋಡಿಬಿಡುವ ಆಸೆ. ಇಂಟರ್ವೆಲ್ಲಿನಲ್ಲಿ ಗೆಳತಿಯೊಬ್ಬಳ ಕಾಡಿಗೆ ಡಬ್ಬಿಯಿಂದ ಎಲ್ಲರೂ ಮೀಸೆ ಬರೆದುಕೊಂಡೆವು. ಪೆಪ್ಪರಮೆಂಟಿನ ಜಾಗಕ್ಕೆ ಎರಡನೇ ಸಲವೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಅಷ್ಟು ನಕ್ಕದ್ದು ನನ್ನ ಜೀವಮಾನದಲ್ಲಿ ಅದೇ ಕೊನೆ.

ಮೀಸೆ ತಿರುವಿಕೊಂಡೇ ಮನೆಯ ಬಾಗಿಲಿಗೆ ಬಂದೆ. ಒಳಗೆ ಒಲೆಯ ಮುಂದೆ ಯಾರೋ ಹೆಂಗಸು ಅವ್ವನ ಹಸಿರು ಸೀರೆ ಉಟ್ಟು, ಬೆನ್ನು ಮಾಡಿ ನಿಂತಿದ್ದಳು. ನೆಂಟರು ಬಂದಿರಬೇಕೆಂದುಕೊಂಡು, “ಯಾರಮ್ಮ ನೀವು? ಅವ್ವ ಎಲ್ಲಿ?” ಎಂದೆ. ಅವಳು ತಿರುಗಿದಳು. ಮೂವತ್ತರ ಮುಖ. ಹುಬ್ಬಿನ ಮೇಲೆ ಕೆಂಪಿ ಉಯ್ಯಾಲೆಯಿಂದ ಬಿದ್ದಾಗ ಆದ ಗಾಯದ ಕಲೆ. ಮುಖ ಬೆಳೆದಿತ್ತು, ಕಲೆ ಬೆಳೆದಿರಲಿಲ್ಲ. ಕಿವಿಯಲ್ಲಿ ಇನ್ನೂ ಅದೇ ಎಳ್ಳುಕಾಳಿನಂಥ ಓಲೆ.

“ಮುಖ ತೊಳ್ಕೊ. ಅವ್ವಂಗೆ ಈಗತಾನೆ ನಿದ್ದೆ ಹತ್ತಿದೆ, ಸದ್ದು ಮಾಡಬೇಡ” ಎಂದಳು ನನ್ನ ತಂಗಿ.

ಅವ್ವನಿಗೆ ಮಿಷಿನ್ನಿನ ಮೇಲೆಯೇ ಲಕ್ವ ಹೊಡೆದಿತ್ತು. ಬಲಗೈ, ಬಲಗಾಲು, ನಾಲಿಗೆ ಮೂರೂ ಒಟ್ಟಿಗೆ ಹೋಗಿದ್ದವು. ನಾನು ಬೆಂಚಿನ ಕೆಳಗೆ ಕೂತು ಪರದೆ ಬೆಳಗುವುದನ್ನು ಕಾಯುತ್ತಿದ್ದಾಗ ಹತ್ತು ವರ್ಷದ ಕೆಂಪಿ ಅವ್ವನನ್ನು ಎಳೆದು ಚಾಪೆಗೆ ಹಾಕಿ, ಪಂಡಿತರನ್ನು ಕರೆತಂದು, ಒಲೆ ಹಚ್ಚಿದ್ದಳು. ಮೂಲೆಯಲ್ಲಿ ಅವಳ ಜಾಲರಿ ಲಂಗ ಬಿದ್ದಿತ್ತು. ಬಿಚ್ಚಿಕೊಳ್ಳಲು ಒಂದು ಬೆರಳಿಗಿಂತ ಹೆಚ್ಚು ಮಡಿಕೆ ಇರಲಿಲ್ಲವಲ್ಲ, ಸೊಂಟದಿಂದ ಅಂಚಿನವರೆಗೆ ಸೀಳಿತ್ತು. ನನಗೆಂದು ಹೊಲಿದಿಟ್ಟದ್ದು ನನ್ನ ಮೊಣಕಾಲಿಗೆ ಹೊಡೆಯುತ್ತಲೇ ಇತ್ತು. ಊರಿಗೆಲ್ಲ ಸರಿಯಾಗಿ ಅಂದಾಜು ಮಾಡಿದವಳು ತನ್ನ ಮನೆಯಲ್ಲಿ ತಪ್ಪಿದ್ದಳು, ತಪ್ಪಿಸಿದವಳು ನಾನು.

ಮಾರನೆಯ ದಿನ ಏಳುತ್ತಲೇ ಒಲೆಯ ಹತ್ತಿರ ಹೋದೆ. ಕೆಂಪಿ ಊದುಕೊಳವೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. “ಮುಟ್ಟಬೇಡ. ನಿಂಗೂ ಬಂದ್ಬುಡುತ್ತೆ.” ಅಲ್ಲಿಂದ ಐದು ವರ್ಷ ಅದೇ ಮಾತು. ಕೊಡ ಎತ್ತಲು ಹೋದರೆ ಮುಟ್ಟಬೇಡ, ಅವ್ವನ ಮೈ ಒರೆಸಲು ಹೋದರೆ ಮುಟ್ಟಬೇಡ, ಮಿಷಿನ್ನಿಗೆ ಎಣ್ಣೆ ಬಿಡಲು ಹೋದರೂ ಮುಟ್ಟಬೇಡ. ನಾನು ಹಠ ಮಾಡಿದೆ, ಅತ್ತೆ, ಅನ್ನ ಬಿಟ್ಟೆ. ಆಮೇಲೆ, ಸುಳ್ಳು ಯಾಕೆ ಹೇಳಲಿ, ಹಠ ಬಿಟ್ಟೆ. ಮಾಡಿಟ್ಟದ್ದನ್ನು ಉಂಡುಕೊಂಡಿರುವುದು ಯಾರಿಗೆ ಬೇಗ ಅಭ್ಯಾಸವಾಗುವುದಿಲ್ಲ? ಕೆಂಪಿಗೆ ಹುಟ್ಟಿದ್ದು ಹದಿನೈದಾಯಿತು, ಬಂದದ್ದು ಮೂವತ್ತೈದು ದಾಟಿತು. ನನಗೆ ಹುಟ್ಟಿದ್ದು ಹದಿನೆಂಟು, ಬಂದದ್ದು ಅದೇ ಹದಿಮೂರು. “ಹೊನ್ನೀದು ಪುಣ್ಯ” ಎಂದು ಓಣಿಯ ಹೆಂಗಸರು ಹೇಳಿದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೆಂಪಿ ನನ್ನನ್ನು ಅಕ್ಕ ಎನ್ನುವುದನ್ನು ಬಿಟ್ಟಿದ್ದಳು. ಮೊದಮೊದಲು ಬಾಯಿಗೆ ಬರುತ್ತಿತ್ತು. ಒಮ್ಮೆ ನಲ್ಲಿಯ ಹತ್ತಿರ ಅವಳು “ಅಕ್ಕ, ಬಾ” ಎಂದದ್ದಕ್ಕೆ ಕೊಡ ಹಿಡಿದು ನಿಂತವರೆಲ್ಲ ನಕ್ಕುಬಿಟ್ಟರು. ಸೆರಗು ಸಿಕ್ಕಿಸಿದ ಹೆಂಗಸು ಗಿಡ್ಡ ಲಂಗದ ಹುಡುಗಿಯನ್ನು ಅಕ್ಕ ಎಂದರೆ ಮತ್ತೇನು? ಅವತ್ತಿನಿಂದ ನಾನು ಹೊನ್ನಿ. ಜ್ವರ ಬಂದಾಗ “ಮಗ, ಗಂಜಿ ಕುಡಿ” ಎನ್ನುತ್ತಿದ್ದಳು. ನಾನು ಅವಳನ್ನು ಏನೆಂದೂ ಕರೆಯುತ್ತಿರಲಿಲ್ಲ. ಅಕ್ಕ ಎನ್ನಲು ನಾಲಿಗೆ ಏಳಲಿಲ್ಲ, ಹೆಸರು ಹಿಡಿಯಲು ಮುಖವಿರಲಿಲ್ಲ. ಅವಳು ನಗುವುದನ್ನೂ ನಾನು ಆಮೇಲೆ ಕೇಳಲಿಲ್ಲ. ಮುಗುಳ್ನಗುತ್ತಿದ್ದಳು, ದೊಡ್ಡವರು ನಗುವ ಹಾಗೆ.

ಹೊಲಿಗೆಯನ್ನು ತಾನೇ ಕಲಿತಳು. ಒಂದು ವಿಷಯದಲ್ಲಿ ಮಾತ್ರ ಅವ್ವನ ದಾರಿ ಹಿಡಿಯಲಿಲ್ಲ. ಯಾರ ಮಗುವೇ ಇರಲಿ, ಹಿರಿಯದೋ ಕಿರಿಯದೋ, ಎಲ್ಲರ ಲಂಗಕ್ಕೂ ಎರಡೇ ಗೇಣು ಮಡಿಸುತ್ತಿದ್ದಳು. “ಯಾರಿಗೆ ಬತ್ತದೋ ಯಾರಿಗ್ ಗೊತ್ತು” ಎನ್ನುತ್ತಿದ್ದಳು.

ಐದನೆಯ ವರ್ಷ ಸಿನಿಮಾ ಓಡುವ ಕಡೆಯ ದಿನ ಚೆಲುವಯ್ಯ ನಮ್ಮ ಬಾಗಿಲಿಗೆ ಬಂದ. ಚಪ್ಪಲಿ ಬಿಟ್ಟು, ಕೆಂಪಿಯ ಎದುರು ಕೈಕಟ್ಟಿ ನಿಂತ.

“ಕೆಂಪಮ್ಮನೋರೆ, ರೀಲು ಪೂರಾ ಸವೆದೋಗ್ಯದೆ. ಅಲ್ಲಲ್ಲಿ ತೇಪೆ ಹಾಕಿ ಓಡಿಸ್ತಾವ್ನೆ ಆಪರೇಟ್ರು. ಇವತ್ತು ಸಂಜೆ ಆಟವೇ ಕೊನೆ. ಮುಂದಿನ ವರ್ಷ ಇಲ್ಲ. ಮುಂದಿನ ವರ್ಷ ನಿಮಗೂ ಹದಿನಾರು ತುಂಬುತ್ತೆ, ಚಾಪೆ ಸಿಗಕ್ಕಿಲ್ಲ. ಚಾಪೆ ಹಾಸಿಟ್ಟಿದೀನಿ, ಬನ್ನಿ.”

“ನಂಗೆಲ್ಲಿ ಪುರುಸೊತ್ತು ಚೆಲುವಯ್ಯ. ಅವ್ವಂಗೆ ಗಂಜಿ ಕುಡಿಸಬೇಕು, ಮಗ್ಗಲು ತಿರುಗಿಸಬೇಕು. ನಾಳೆಗೆ ನಾಕು ರವಿಕೆ ಕೊಡಬೇಕು.”

“ನೀನು ಹೋಗು, ಇಲ್ಲಿ ನಾನಿದೀನಿ” ಎಂದೆ. ನನ್ನ ದನಿ ನನಗೇ ಕೀರಲಾಗಿ ಕೇಳಿಸಿತು. ಹದಿಮೂರರ ದನಿ.

ಕೆಂಪಿ ಸೂಜಿಯಿಂದ ಕಣ್ಣೆತ್ತಲಿಲ್ಲ. “ಸುಮ್ನಿರು ಹೊನ್ನಿ. ಬಂದ್ರೆ ಹೋಗಲ್ಲ ಅದು.”

“ಬರಲಿ.”

“ಬರಲಿ ಅಂತಾಳೆ! ಏನು ಗೊತ್ತು ನಿಂಗೆ? ಬೆನ್ನೆಲ್ಲ ಮುರಿದಂಗೆ ಆಯ್ತದೆ. ಬೆಳಿಗ್ಗೆ ಎದ್ರೆ ಕನ್ನಡೀಲಿ ಯಾರೋ ಇರ್ತಾರೆ. ನಾನು ಇಷ್ಟು ವರ್ಷ ಕಾದಿದ್ದು ಯಾಕೆ? ಮನೇಲಿ ಒಬ್ಬಳಾದ್ರೂ ಉಳೀಲಿ ಅಂತ.” ಅವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು.

ಅವಳು ನನ್ನನ್ನು ಕೆಲಸಕ್ಕೆ ಬಾರದವಳೆಂದು ದೂರ ಇಟ್ಟಿದ್ದಾಳೆ, ಆ ಸಂಜೆಯ ಸಿಟ್ಟು ತೀರಿಸಿಕೊಳ್ಳುತ್ತಿದ್ದಾಳೆ ಎಂದೇ ನಾನು ತಿಳಿದಿದ್ದೆ. ನನ್ನನ್ನು ಅವಳು ಒಳಮಡಿಕೆಯ ಬಟ್ಟೆಯ ಹಾಗೆ ಬಿಸಿಲಿಗೆ ತೋರಿಸದೆ ಕಾಪಾಡಿದ್ದಳು. ನನಗೆ ಅಳು ಒತ್ತರಿಸಿ ಬಂತು. “ನೀನು ಹುಟ್ಟಿದ್ದು ನನ್ನ ಆಮೇಲೆ ಕಣೆ” ಎಂದೆ.

ಆಗ ಅವ್ವ ಎಡಗೈ ಎತ್ತಿದಳು. ನಾನು ಅವಳ ಹಾಸಿಗೆಯ ಪಕ್ಕಕ್ಕೇ ನಿಂತಿದ್ದೆ. ಐದು ವರ್ಷ ಮಲಗಿದ ಕಡೆಯಿಂದ ಅವಳ ಕಣ್ಣಿಗೆ ನೇರವಾಗಿ ಕಾಣುತ್ತಿದ್ದದ್ದು ನನ್ನ ಲಂಗದ ಅಂಚು, ತಾನೇ ಹೊಲಿದದ್ದು. ಅದನ್ನು ಹಿಡಿದಳು, ಹೆಬ್ಬೆರಳಿನಿಂದ ಮಡಿಕೆಯನ್ನು ತಡವಿದಳು. ಸರಿಯಾಗಿ ತಿರುಗದ ನಾಲಿಗೆಯಲ್ಲಿ, ಬಹಳ ಕಷ್ಟಪಟ್ಟು, ಒಂದು ಮಾತು ಹೇಳಿದಳು.

“ಬಿಚ್ಚು.”

ಕೆಂಪಿ ಅವ್ವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಮಿಷಿನ್ನಿಗೆ ಬಟ್ಟೆ ಹೊದಿಸಿ ಎದ್ದಳು. ಗಂಜಿಗೆ ಉಪ್ಪು ಎಷ್ಟು, ತಲೆದಿಂಬು ಯಾವ ಕಡೆ, ಔಷಧಿ ಯಾವಾಗ ಎಂದು ಹೇಳಿದಳು. ಓಣಿಯ ತಿರುವಿನವರೆಗೆ ಹೋಗಿ, ಗಂಜಿ ಆರಿಸಿ ಕುಡಿಸು ಎಂದು ಹೇಳಲು ಹಿಂದಕ್ಕೆ ಬಂದಳು. ಇನ್ನೊಂದು ಸಲ ಬಂದಾಗ ಹೇಳಲು ಏನೂ ಇರಲಿಲ್ಲ. ಚೆಲುವಯ್ಯನೇ “ಹೊತ್ತಾಯ್ತು ಬನ್ನಿ ತಾಯಿ” ಎಂದು ಕರೆದುಕೊಂಡು ಹೋದ.

ನಾನು ಅವ್ವನ ಬ್ಲೇಡು ತೆಗೆದುಕೊಂಡು ಅವಳ ಪಕ್ಕದಲ್ಲೇ ಕೂತು ಮಡಿಕೆ ಬಿಚ್ಚಿದೆ. ಅವ್ವನ ಹೊಲಿಗೆ ಒತ್ತೊತ್ತು, ಒಂದೊಂದು ದಾರವನ್ನೂ ಎತ್ತಿ ಕತ್ತರಿಸಬೇಕಾಯಿತು. ಲಂಗ ಹೊರಗೆ ಬೂದಿಬಣ್ಣಕ್ಕೆ ತಿರುಗಿತ್ತು. ಒಳಗಿದ್ದ ಎರಡು ಗೇಣು ಬಟ್ಟೆ ಅಂಗಡಿಯಿಂದ ತಂದ ದಿನದಷ್ಟೇ ನೀಲಿ. ಅವ್ವ ಅದರ ಮೇಲೆ ಕೈಯಿಟ್ಟುಕೊಂಡು ಮಲಗಿದ್ದಳು. ರವಿಕೆಯ ಪಕ್ಕವನ್ನೂ ಬಿಚ್ಚಿದೆ, ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದೆ. ಇವತ್ತೊಂದು ದಿನಕ್ಕೆ ಮಾತ್ರ ಎಂದುಕೊಂಡು ಹಚ್ಚಲಿಲ್ಲ.

ಅಕ್ಕಿ ಬೇಯುವಷ್ಟರಲ್ಲಿ ಶುರುವಾಯಿತು. ಮೊದಲು ಕೈಬಳೆಗಳು ಬಿಗಿದವು, ಎರಡು ಒಡೆದವು. ಬೆನ್ನು ಕೆಂಪಿ ಹೇಳಿದ ಹಾಗೆಯೇ ಮುರಿದಂತಾಯಿತು. ಸೌದೆಯ ಮೇಲೆ ಕೈಯೂರಿ ಹಲ್ಲು ಕಚ್ಚಿ ನಿಂತೆ. ಹತ್ತು ವರ್ಷದ ಮಗು ಇದನ್ನು ಒಬ್ಬಳೇ ಹೇಗೆ ತಡೆದುಕೊಂಡಳೋ ಎಂದು ನೆನೆದಾಗ ನನ್ನ ನೋವು ಏನೂ ಅಲ್ಲ ಅನ್ನಿಸಿತು. ಗಂಜಿ ಆರಿಸಿ ಅವ್ವನಿಗೆ ಕುಡಿಸಿದೆ. ಮಗ್ಗಲು ತಿರುಗಿಸಿದೆ, ಎತ್ತಲು ಕೈಗೆ ಶಕ್ತಿ ಬಂದಿತ್ತು.

ಟಾಕೀಸಿನ ತಗಡಿನ ಗೋಡೆಯಿಂದ ಸಿನಿಮಾದ ಒಂದೊಂದು ಮಾತೂ ನಮ್ಮ ಅಡುಗೆಮನೆಗೆ ಕೇಳಿಸುತ್ತದೆ. ಇಂಟರ್ವೆಲ್ಲು ಕಳೆಯಿತು. ನಾಲ್ವರೂ ಆಫೀಸಿನ ಮೆಟ್ಟಿಲು ಹತ್ತಿದರು. ನಾನು ಸೌಟು ಹಿಡಿದು ಗೋಡೆಗೆ ಕಿವಿಗೊಟ್ಟೆ. ವಯಸ್ಸು ಬಂದವರು ಆ ಜಾಗಕ್ಕೆ ನಕ್ಕದ್ದನ್ನು ನಮ್ಮೂರು ಕಂಡಿಲ್ಲ. ಕೆಂಪಿಯೂ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಬಂದರೆ ಅವಳೊಳಗೆ ಆ ಜಾಲರಿ ಲಂಗದವಳು ಎಂದೋ ಸತ್ತಿದ್ದಾಳೆ ಎಂದರ್ಥ, ಕೊಂದವಳು ನಾನೇ. ನನ್ನ ವಯಸ್ಸು ಕೊಟ್ಟರೂ ಅವಳದು ಹಿಂದಕ್ಕೆ ಬರುವುದಿಲ್ಲ, ಅದು ನನಗೆ ಗೊತ್ತಿತ್ತು. ದೇವರೇ, ಒಂದು ಸಲ ನಗಲಿ ಎಂದು ಬೇಡಿಕೊಂಡೆ. ಫ್ಯಾನು ನಿಂತಿತು. ಮೀಸೆ ಎಲ್ಲಪ್ಪಾ ಹೊರಟಿತು, ಎಂದ ಮ್ಯಾನೇಜರು. ಮಕ್ಕಳು ನಕ್ಕರು. ಪೆಪ್ಪರಮೆಂಟು ಬಂದಿರಬೇಕು, ದೊಡ್ಡವರು ಗಪ್ಪಾದರು. ಮಕ್ಕಳ ನಗುವೂ ನಿಂತಿತು.

ಆಮೇಲೆ ಒಂದು ನಗು ಕೇಳಿಸಿತು. ಒಬ್ಬಳದೇ. ದಪ್ಪಗಾದ, ಹೆಂಗಸಿನ ದನಿ. ತಡೆದುಕೊಳ್ಳಲು ನೋಡಿ ಆಗದೆ, ಬಾಯಿ ಮುಚ್ಚಿದ ಕೈಯನ್ನೂ ದಾಟಿ ಬಂದ ನಗು. ಅದರ ಹಿಂದೆಯೇ ಒಂದು ಬಿಕ್ಕಳಿಕೆ. ಬಿಕ್ಕಳಿಕೆ ಬಂತೆಂದು ಮತ್ತೆ ನಗು. ಸೌಟು ನನ್ನ ಕೈಯಿಂದ ಜಾರಿತು. ಹಾಸಿಗೆಯಲ್ಲಿ ಅವ್ವ ಒಂದೇ ಕಡೆಯ ಬಾಯಿಯಲ್ಲಿ ಏನೋ ಸದ್ದು ಮಾಡುತ್ತಿದ್ದಳು. ಓಡಿಹೋಗಿ ನೋಡಿದೆ, ಅವಳೂ ನಗುತ್ತಿದ್ದಳು, ಕಣ್ಣೀರು ಕಿವಿಗೆ ಇಳಿಯುತ್ತಿತ್ತು.

ಆಟ ಬಿಟ್ಟಿತು. ನಾನು ಬಾಗಿಲಿಗೆ ಬಂದು ನಿಂತೆ. ಲಂಗದ ಅಂಚು ಸರಿಯಾಗಿ ಹಿಮ್ಮಡಿಗೆ ಮುಟ್ಟುತ್ತಿತ್ತು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಅವ್ವನ ಅಂದಾಜು ನನ್ನ ಮಟ್ಟಿಗೆ ತಪ್ಪಿರಲಿಲ್ಲ. ತಡವಾಗಿತ್ತು, ಅಷ್ಟೆ.

ಕೆಂಪಿ ಓಣಿಯಲ್ಲಿ ಬಂದಳು. ಯಾವಳೋ ಹುಡುಗಿ ಇಂಟರ್ವೆಲ್ಲಿನಲ್ಲಿ ಅವಳಿಗೂ ಕಾಡಿಗೆಯ ಮೀಸೆ ಬರೆದಿದ್ದಳು. ನಕ್ಕು ನಕ್ಕು ಅದು ಕೆನ್ನೆಯವರೆಗೆ ಹರಡಿತ್ತು. ನನ್ನನ್ನು ಕಂಡು ನಿಂತಳು. ನನ್ನ ಕಾಲಿನಿಂದ ತಲೆಯವರೆಗೆ ನೋಡಿದಳು, ಕೆಳಗಿನ ಎರಡು ಗೇಣು ನೀಲಿಯನ್ನು ಬಹಳ ಹೊತ್ತು ನೋಡಿದಳು. ಯಾರಮ್ಮ ನೀವು ಎಂದು ಕೇಳಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ಕೇಳುವ ಹಕ್ಕು ಅವಳಿಗಿತ್ತು.

“ಅಕ್ಕ,” ಎಂದಳು. ಮತ್ತೆ ಹೇಳಿದಳು, “ಅಕ್ಕ, ಹೊಟ್ಟೆ ಹಸೀತಿದೆ.”

ನಾನು ಒಳಗೆ ಹೋಗಿ ತಟ್ಟೆ ಹಾಕಿದೆ.